ಟ್ರಿಮ್ ಚಕ್ರ ಎಲ್ಲಿ ನಿಲ್ಲಬೇಕು?

ಲಘು ವಿಮಾನ ಇಳಿಸಿದವರ ಕೈಚಳಕವನ್ನು ನಾವು ಅಳೆಯುವುದು ಚಕ್ರ ನೆಲ ಮುಟ್ಟಿದ ಗಳಿಗೆಯಿಂದ. ಮೆತ್ತಗೆ ಕೂತರೆ ಪೈಲಟ್ ಗಟ್ಟಿಗ, ಪುಟಿದರೆ ಎಳಸು. ಈ ಅಳತೆಗೋಲಿನಿಂದಲೇ ಒಂದು ರೂಢಿ ಬೆಳೆದಿದೆ. ರನ್‌ವೇ ಮೇಲೆ ಬಂದು ಮೂತಿ ಎತ್ತುವ ಹೊತ್ತಿನಲ್ಲಿ, ಅಂದರೆ ಫ್ಲೇರ್‌ನಲ್ಲಿ, ಕೈಗೆ ಭಾರ ಬೀಳದಿರಲೆಂದು ಟ್ರಿಮ್ ಚಕ್ರವನ್ನು ಇನ್ನಷ್ಟು ಹಿಂದಕ್ಕೆ ತಿರುಗಿಸಿಬಿಡುವುದು. ಇಳಿತ ಮೆತ್ತಗಾಗುತ್ತದೆ, ನಿಜ. ಆದರೂ ಈ ರೂಢಿ ಬಿಡಬೇಕಾದದ್ದು. ಇಳಿಯಲು ರನ್‌ವೇ ಕಡೆಗೆ ಸಾಗುವಾಗಿನ, ಅಂದರೆ ಅಪ್ರೋಚ್‌ನ, ವೇಗವನ್ನು ಹಿಡಿದುಕೊಡುವಲ್ಲಿಗೆ ಟ್ರಿಮ್‌ನ ಕೆಲಸ ಮುಗಿಯಬೇಕು. ಆಮೇಲಿನ ಭಾರ ಕೈಯದು.

ಸೆಸ್ನಾ 172ರಲ್ಲಿ ಈ ಚಕ್ರ ಉಪಕರಣ ಫಲಕದ ಕೆಳಗೆ, ಎರಡು ಸೀಟುಗಳ ನಡುವೆ ಇರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಿದರೆ ಬಾಲದ ಬಲ ಎಲಿವೇಟರ್‌ನ ಅಂಚಿನಲ್ಲಿರುವ ಸಣ್ಣ ಪಟ್ಟಿಯೊಂದು ಕೆಳಕ್ಕೆ ಬಾಗುತ್ತದೆ. ಎದುರು ಗಾಳಿ ಅದನ್ನು ಒತ್ತಿದಾಗ ಎಲಿವೇಟರ್ ಮೇಲೇಳುತ್ತದೆ, ಮೂತಿಯೂ ಏಳುತ್ತದೆ. ಗಾಡಿಗೆ ಹೇರು ಹೊಂದಿಸುವವರಿಗೆ ಈ ಲೆಕ್ಕ ಹೊಸದಲ್ಲ: ಹೇರು ಹಿಂದಾದರೆ ಮೂಕಿ ಏಳುತ್ತದೆ, ಮುಂದಾದರೆ ಎತ್ತಿನ ಹೆಗಲಿಗೆ ಬೀಳುತ್ತದೆ. ವಿಮಾನದಲ್ಲಿ ಮಾತ್ರ ಹೊಂದಿಕೆ ಪದೇ ಪದೇ ಕೆಡುತ್ತದೆ. ಥ್ರಾಟಲ್ ತಗ್ಗಿಸಿದರೆ ಮೂತಿ ಬಾಗುತ್ತದೆ. ರೆಕ್ಕೆ ಮೇಲಿರುವ ಸೆಸ್ನಾದಲ್ಲಿ ಫ್ಲ್ಯಾಪ್ ಇಳಿಸಿದರೆ ಏಳುತ್ತದೆ. ಹಾಗಾಗಿ ಮೊದಲು ಪವರ್, ಬಳಿಕ ಕೈಯಿಂದ ಮೂತಿಯ ಮಟ್ಟ, ವೇಗ 60ರಿಂದ 70 ನಾಟ್ ನಡುವೆ ನಿಂತ ಮೇಲಷ್ಟೇ ಟ್ರಿಮ್. ಹಿಡಿತ ಸಡಿಲಿಸಿದಾಗ ಮೂತಿ ಇದ್ದಲ್ಲೇ ಇದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಅಲ್ಲಿಂದ ಮುಂದೆ ಆ ವೇಗವನ್ನು ಬಿಟ್ಟು ಕದಲಬೇಕಾದರೆ ಪೈಲಟ್ ಎಳೆಯಲೇಬೇಕು, ಇಲ್ಲವೇ ಒತ್ತಲೇಬೇಕು. ಆ ಎಳೆತವೇ ಎಚ್ಚರಿಕೆಯ ಗಂಟೆ.

ಗಾದಿಗನೂರು ಎಂಬ ಊರಿನ ಸುತ್ತಲಿನ ಆಕಾಶ ಈ ಮಾತಿಗೆ ಒರೆಗಲ್ಲು. ಹತ್ತಿರದ ತೋರಣಗಲ್ಲಿನ ವಿದ್ಯಾನಗರದಲ್ಲಿ ವಿಮಾನ ನಿಲ್ದಾಣವಿದೆ. ಒಂದು ಕಡೆ ಸಂಡೂರಿನ ಅದಿರು ಬೆಟ್ಟಗಳು, ಇನ್ನೊಂದು ಕಡೆ ತುಂಗಭದ್ರೆಯ ಹಿನ್ನೀರು, ನಡುವೆ ಬಂಡೆ ಗುಡ್ಡ. ಬಿಸಿಲು 40 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಕಾದ ನೆಲ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮುಂಗಾರಿನಲ್ಲಿ ನೈಋತ್ಯದ ಗಾಳಿ ಬೆಟ್ಟ ಹತ್ತಿ ಇಳಿಯುವಾಗ ಈಚೆ ಮಗ್ಗುಲಲ್ಲಿ ಸುಳಿ ಏಳುವ ಸಂಭವವಿದೆ. ಇಂಥ ಕುಲುಕಾಟದಲ್ಲಿ ಟ್ರಿಮ್ ಆಗದ ವಿಮಾನದ ಭಾರವನ್ನು ಎಳೆದು ಹಿಡಿದವರಿಗೆ ಮೂತಿ ಎದ್ದದ್ದು ಗಾಳಿಯಿಂದಲೋ ತಮ್ಮ ಕೈಯಿಂದಲೋ ತಿಳಿಯುವುದಿಲ್ಲ. ಇನ್ನೊಂದು ಮೋಸವೂ ಇದೆ. ಬಿಸಿ ಗಾಳಿ ತೆಳು. ವೇಗಮಾಪಕ 65 ತೋರಿಸಿದರೂ ನೆಲ ಅದಕ್ಕಿಂತ ಬೇಗ ಓಡಿಬಂದಂತೆ ಕಾಣುತ್ತದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಜಕ್ಕೂರಿನಲ್ಲಿ ಕಲಿಯುವವರಿಗೂ ಇದು ತಪ್ಪಿದ್ದಲ್ಲ. ಕಣ್ಣು ನಂಬಿ ವೇಗ ಇಳಿಸಹೊರಟಾಗ ತಡೆಯುವುದು ಕೈಗೆ ತಾಗುವ ಆ ಭಾರವೊಂದೇ.

ಭಾರವೇ ಎಚ್ಚರಿಕೆಯಾದರೆ ಟ್ರಿಮ್ ಮಾಡುವುದಾದರೂ ಏಕೆ, ಉದ್ದಕ್ಕೂ ಕೈಯಲ್ಲೇ ಹಿಡಿಯಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸದಾ ಇರುವ ಭಾರ ಏನನ್ನೂ ಹೇಳುವುದಿಲ್ಲ. ಸೊನ್ನೆಯಿಂದ ಹೊರಟ ಭಾರಕ್ಕಷ್ಟೇ ಅರ್ಥವಿದೆ. ರೇಡಿಯೊಗೆ ಉತ್ತರ ಕೊಡುವಷ್ಟರಲ್ಲಿ ದಣಿದ ಕೈ ಸಡಿಲಾದರೆ ಮೂತಿ ಹೋದದ್ದೇ ದಾರಿ. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಮುಂದೆ ಇಬ್ಬರೇ ಕೂತು, ಹಿಂದಿನ ಸೀಟು ಖಾಲಿಯಿದ್ದು, ಪೂರ್ತಿ ಫ್ಲ್ಯಾಪ್ ಇಳಿಸಿ ಥ್ರಾಟಲ್ ಮುಚ್ಚಿದರೆ ಮೂತಿಯ ಭಾರ ಜೋರು. ಫ್ಲೇರ್‌ನಲ್ಲಿ ಸಾಕಷ್ಟು ಎಳೆಯದೆ ಮುಂದಿನ ಚಕ್ರವನ್ನೇ ಮೊದಲು ಬಡಿಸುವವರಿದ್ದಾರೆ. ತೊಂದರೆ ನಿಜ, ಆದರೆ ಅದಕ್ಕೆ ಟ್ರಿಮ್ ಸುತ್ತುವ ಪರಿಹಾರ ದುಬಾರಿ. ರನ್‌ವೇಗೆ ದನ ನುಗ್ಗಿತೆನ್ನಿ. ಇಳಿಯುವುದನ್ನು ಕೈಬಿಟ್ಟು ಥ್ರಾಟಲ್ ಪೂರ್ತಿ ಕೊಟ್ಟರೆ, ಹಿಂದಕ್ಕೆ ಸುತ್ತಿದ ಟ್ರಿಮ್ ಮತ್ತು ಎಂಜಿನ್ ಎರಡೂ ಸೇರಿ ಮೂತಿಯನ್ನು ಆಕಾಶಕ್ಕೆತ್ತುತ್ತವೆ. ಆಗಲೇ ವೇಗ ಕಳೆದುಕೊಂಡಿರುವ ರೆಕ್ಕೆ ಸ್ಟಾಲ್ ಆಗಲು, ಅಂದರೆ ಎತ್ತುವ ಬಲ ಕಳೆದುಕೊಳ್ಳಲು, ತಡವಿಲ್ಲ.

ದೊಡ್ಡ ವಿಮಾನಗಳಲ್ಲೂ ಇದಕ್ಕೆ ಸಾಕ್ಷಿಯಿದೆ. 2007ರ ಸೆಪ್ಟೆಂಬರ್ 23ರಂದು ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಇಳಿಯುತ್ತಿದ್ದ ಬೋಯಿಂಗ್ 737ರ ವೇಗ ಕುಸಿಯುತ್ತ ಹೋದಂತೆ ಆಟೊಪೈಲಟ್ ಟ್ರಿಮ್ಮನ್ನು ಮೂತಿ ಏಳುವ ಕಡೆಗೆ ಸುತ್ತುತ್ತ ಹೋಯಿತು. ಮತ್ತೆ ಮೇಲೇರಲು ಪವರ್ ಕೊಟ್ಟಾಗ ಮೂತಿ 44 ಡಿಗ್ರಿವರೆಗೆ ಎದ್ದು ವಿಮಾನ ಸ್ಟಾಲ್ ಆಯಿತು. ಬಳಿಕ ಕ್ಷೇಮವಾಗಿ ಇಳಿಯಿತು. ಇತ್ತ ಏರ್‌ಬಸ್ 320ರಲ್ಲಿ ದಾರಿಯುದ್ದಕ್ಕೂ ಯಂತ್ರವೇ ಟ್ರಿಮ್ ಮಾಡಿದರೂ, ನೆಲ 50 ಅಡಿ ದೂರವಿರುವಾಗ ಆ ಟ್ರಿಮ್ ನಿಂತುಬಿಡುತ್ತದೆ. 30 ಅಡಿಯಿಂದ ಮೂತಿಯನ್ನು ಕಂಪ್ಯೂಟರೇ ಮೆಲ್ಲಗೆ ಬಾಗಿಸುತ್ತದೆ, ಪೈಲಟ್ ಎಳೆಯಲೇಬೇಕೆಂದು. ಫ್ಲೇರ್‌ನ ಭಾರವನ್ನು ಬೇಕೆಂದೇ ಕೈಗೆ ಬಿಟ್ಟ ಈ ಲೆಕ್ಕಾಚಾರವನ್ನು ಸೆಸ್ನಾ ಕಲಿಸುವವರು ಅಲಕ್ಷಿಸುವಂತಿಲ್ಲ.

ಹಾಗಾದರೆ ಇಳಿತಕ್ಕೆ ಅಂಕ ಕೊಡುವ ಜಾಗವೇ ಬದಲಾಗಬೇಕು. ಅಂತಿಮ ಅಪ್ರೋಚ್‌ನಲ್ಲಿ ಶಿಕ್ಷಕರು ಕೈ ಸಡಿಲಿಸಲು ಹೇಳಿ ವೇಗಮಾಪಕ ನೋಡಲಿ. ಮುಳ್ಳು ನಿಂತರೆ ಅರ್ಧ ಪಾಸು. ಮೂತಿ ಏಳುವ ಟ್ರಿಮ್ ಇಟ್ಟು ಪೂರ್ತಿ ಪವರ್ ಕೊಟ್ಟಾಗ ಎಷ್ಟು ಒತ್ತಬೇಕಾಗುತ್ತದೆ ಎಂಬುದನ್ನು ಸಾಕಷ್ಟು ಎತ್ತರದಲ್ಲಿ ಮೊದಲೇ ತೋರಿಸಲಿ. ಅದನ್ನು ಒಮ್ಮೆ ಅನುಭವಿಸಿದ ವಿದ್ಯಾರ್ಥಿ ರನ್‌ವೇ ಮೇಲೆ ಚಕ್ರಕ್ಕೆ ಕೈ ಹಾಕಲು ಹಿಂದೆಮುಂದೆ ನೋಡುತ್ತಾನೆ. ಅವನ ಒಂದೆರಡು ಇಳಿತ ಒರಟಾದರೆ ಆಗಲಿ.