ಕರ್ಣಾಟಕದ ಜನಸಮುದಾಯವೂ ‘ಜನಾಂಗ’ವಾದವೂ

ಕರ್ಣಾಟಕದ ಜನರು ಯಾವ ಮೂಲದವರು ಎಂಬ ಪ್ರಶ್ನೆಗೆ ಪಾಠಶಾಲೆಗಳಲ್ಲಿಯೂ ಸಾಹಿತ್ಯಚರಿತ್ರೆಗಳ ಪೀಠಿಕೆಗಳಲ್ಲಿಯೂ ಸಾಮಾನ್ಯವಾಗಿ ಒಂದೇ ಉತ್ತರವು ದೊರೆಯುತ್ತದೆ: ಕನ್ನಡಿಗರು ದ್ರಾವಿಡ ಜನಾಂಗದವರು, ಉತ್ತರದಿಂದ ಬಂದ ಆರ್ಯ ಜನಾಂಗದವರು ಅವರಲ್ಲಿ ಅಲ್ಪಸ್ವಲ್ಪ ಬೆರೆತರು. ಈ ಉತ್ತರದಲ್ಲಿ ಸತ್ಯಾಂಶವೆಷ್ಟು, ಶಬ್ದಭ್ರಾಂತಿಯೆಷ್ಟು ಎಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ. ವಿಷಯವು ಮಾನವಶಾಸ್ತ್ರಕ್ಕೆ ಸೇರಿದುದೆಂಬುದು ನಿಜ. ಆದರೆ ಆ ವಾದದ ಬುಡದಲ್ಲಿರುವುದು ಮೂರು ನಾಲ್ಕು ಶಬ್ದಗಳ ಅರ್ಥನಿರ್ಣಯ. ಆ ಮಟ್ಟಿಗೆ ಶಬ್ದವನ್ನು ಓದಿದವನೂ ಇದರಲ್ಲಿ ಮಾತನಾಡಬಹುದು.

ಮೊದಲು ಪೂರ್ವಪಕ್ಷವನ್ನು ನಿರೂಪಿಸೋಣ. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲೆಯು ತಲೆಯ ಅಗಲವನ್ನೂ ಮೂಗಿನ ಉದ್ದಗಲಗಳನ್ನೂ ಅಳೆದು ಭಾರತದ ಜನರನ್ನು ಏಳು ವರ್ಗಗಳಾಗಿ ವಿಭಾಗಿಸಿದನು. 1908ರಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ ಗ್ರಂಥದಲ್ಲಿ ಈ ಮತವು ವಿಸ್ತಾರವಾಗಿ ಪ್ರತಿಪಾದಿತವಾಗಿದೆ. ಅದರ ಪ್ರಕಾರ ದಕ್ಷಿಣದವರಲ್ಲಿ ಬಹುಮಂದಿ ದ್ರಾವಿಡರು. ಕೊಡವರು ಮಾತ್ರ ಮಹಾರಾಷ್ಟ್ರದ ಬ್ರಾಹ್ಮಣರೊಡನೆಯೂ ಕುಣಬಿಗಳೊಡನೆಯೂ ಸೇರಿ ‘ಶಕ-ದ್ರಾವಿಡ’ರು. ಕೊಡವರ ನುಡಿಯು ಕನ್ನಡದ ಒಡಹುಟ್ಟು; ಮರಾಠಿಯು ಪ್ರಾಕೃತದ ಮಗಳು. ಶಕರು ಕೊಡಗಿನಲ್ಲಿ ನೆಲಸಿದರೆಂಬುದಕ್ಕೆ ಶಾಸನಾಧಾರವಿಲ್ಲ. ತಲೆಯ ಅಗಲವೊಂದೇ ಈ ಸಂಬಂಧವನ್ನು ಗಂಟುಹಾಕಿತು. ಹೇತುವು ಎಷ್ಟು ದುರ್ಬಲವೋ ಸಾಧ್ಯವು ಅಷ್ಟು ದೊಡ್ಡದಾಗಿದೆ.

ಮೈಸೂರು ಸಂಸ್ಥಾನದಲ್ಲಿ ಇಂಥ ಜನವಿವರಣೆಯ ಕಾರ್ಯವನ್ನು ವಹಿಸಿಕೊಂಡವರು ಎಚ್. ವಿ. ನಂಜುಂಡಯ್ಯನವರು, 1915ರಲ್ಲಿ ಸ್ಥಾಪಿತವಾದ ಕರ್ಣಾಟಕ ಸಾಹಿತ್ಯ ಪರಿಷತ್ತಿಗೆ ಪ್ರಥಮಾಧ್ಯಕ್ಷರಾದವರೂ ಅವರೇ. ಅವರು ಸಂಗ್ರಹಿಸಿದುದನ್ನು ಎಲ್. ಕೆ. ಅನಂತಕೃಷ್ಣ ಅಯ್ಯರವರು ವಿಸ್ತರಿಸಿ ಪೂರ್ಣಗೊಳಿಸಿದರು; ನಾಲ್ಕು ಸಂಪುಟಗಳು 1928ರಿಂದ 1935ರವರೆಗಿನ ಅವಧಿಯಲ್ಲಿ ಹೊರಬಂದುವು. ಅವುಗಳಲ್ಲಿ ಬೆಡಗುಗಳು, ಮದುವೆಯ ಶಾಸ್ತ್ರಗಳು, ಕುಲದೇವತೆಗಳು, ವೃತ್ತಿಗಳು ಇವುಗಳ ವರ್ಣನೆ ಇಂದಿಗೂ ಸಂಶೋಧಕರಿಗೆ ಆಕರವಾಗಿದೆ. ಮೂಗುತಲೆಗಳ ಅಳತೆಯಿಂದ ಜನಾಂಗವನ್ನು ನಿರ್ಣಯಿಸುವ ಕ್ರಮವೋ ಕಾಲಕ್ರಮದಲ್ಲಿ ಬೆಲೆಗೆಟ್ಟಿತು. ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಬರೆದುದು ಉಳಿಯಿತು.

ಮೂಗಿಗೆ ಇಷ್ಟು ಪ್ರಾಮುಖ್ಯವು ಬಂದುದಕ್ಕೆ ವೇದವನ್ನೂ ಸಾಕ್ಷಿಗೆ ಕರೆಯಲಾಯಿತು. ಋಗ್ವೇದದ ಐದನೆಯ ಮಂಡಲದ 29ನೆಯ ಸೂಕ್ತದ ಹತ್ತನೆಯ ಮಂತ್ರದಲ್ಲಿ ದಸ್ಯುಗಳಿಗೆ ‘ಅನಾಸಃ’ ಎಂಬ ವಿಶೇಷಣವಿದೆ. ಇದನ್ನು ಮಾಕ್ಸ್ ಮುಲ್ಲರನು ‘ಅ-ನಾಸ್’ ಎಂದು ಬಿಡಿಸಿ ‘ಮೂಗಿಲ್ಲದವರು’, ಅಂದರೆ ಚಪ್ಪಟೆ ಮೂಗಿನವರು, ಎಂದು ಅರ್ಥಮಾಡಿದನು. ರಿಸ್ಲೆಗೆ ಇದು ಅನುಕೂಲವಾಯಿತು. ವೇದದಲ್ಲಿ ಶತ್ರುಗಳ ಮೂಗಿನ ಪ್ರಸ್ತಾಪವು ಮತ್ತೆ ಮತ್ತೆ ಬರುತ್ತದೆಂದು ಅವನು ಬರೆದನು. ಆದರೆ ಆಧಾರವಾಗಿ ನಿಲ್ಲುವುದು ಈ ಒಂದೇ ಪದ.

ನಮ್ಮ ವಿಜಯನಗರದಲ್ಲಿ ಬುಕ್ಕರಾಯನ ಆಶ್ರಯದಲ್ಲಿದ್ದು ವೇದಭಾಷ್ಯವನ್ನು ರಚಿಸಿದ ಸಾಯಣಾಚಾರ್ಯರು ಇದನ್ನು ಬೇರೆಯಾಗಿ ಬಿಡಿಸುತ್ತಾರೆ. ಅವರ ಮತದಲ್ಲಿ ಪದಚ್ಛೇದವು ‘ಅನ್-ಆಸ್’; ‘ಆಸ್’ ಎಂದರೆ ಬಾಯಿ; ಬಾಯಿಲ್ಲದವರು ಎಂದರೆ ಲಕ್ಷಣೆಯಿಂದ ಮಾತಿಲ್ಲದವರು. ವ್ಯಾಕರಣದಿಂದ ಎರಡು ಛೇದಗಳೂ ಸಾಧುವಾದುವೇ. ಸಂದೇಹವುಂಟಾದಲ್ಲಿ ಸನ್ನಿಹಿತಪದದಿಂದ ಅರ್ಥವನ್ನು ನಿಶ್ಚಯಿಸಬೇಕೆಂಬುದು ನಮ್ಮ ಶಾಸ್ತ್ರಗಳ ನಿಯಮ. ಅದೇ ಮಂತ್ರದ ಉತ್ತರಾರ್ಧದಲ್ಲಿ ‘ಮೃಧ್ರವಾಚಃ’ ಎಂಬ ಇನ್ನೊಂದು ವಿಶೇಷಣವಿದೆ. ಅದು ಕೆಟ್ಟ ನುಡಿಯುಳ್ಳವರೆಂಬರ್ಥದ್ದು, ವಾಕ್ಕಿಗೆ ಸಂಬಂಧಿಸಿದುದು. ಹೀಗಿರಲು ಹಗೆಗಳ ನುಡಿಯನ್ನು ನಿಂದಿಸುತ್ತಿರುವ ಋಷಿಯು ನಡುವೆ ಅವರ ಮೂಗನ್ನು ಏಕೆ ಹಿಡಿದಾನು? ಸಾಯಣರ ಅರ್ಥವೇ ಪ್ರಕರಣಕ್ಕೆ ಒಪ್ಪುತ್ತದೆ. ಈ ಲೇಖಕನೂ ಸಾಯಣಭಾಷ್ಯವನ್ನು ಓದಿದ್ದವನಾಗಿಯೂ ಹಲವು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ‘ಮೂಗಿಲ್ಲದವರು’ ಎಂದೇ ಪಾಠ ಹೇಳಿದನು. ಇತಿಹಾಸದ ಪುಸ್ತಕದಲ್ಲಿ ಅಚ್ಚಾಗಿದ್ದುದೇ ಪ್ರಮಾಣವಾಗಿ ತೋರಿತ್ತು. ಆ ಪ್ರಮಾದದ ಪರಿಹಾರವೂ ಈ ಲೇಖನದ ಒಂದು ಪ್ರಯೋಜನ.

ಇನ್ನು ‘ದ್ರಾವಿಡ’ ಶಬ್ದ. ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿ ದ್ರವಿಡರು ಯವನ, ಶಕ, ಚೀನಾದಿಗಳೊಡನೆ ಕ್ರಿಯಾಲೋಪದಿಂದ ಪತಿತರಾದ ಕ್ಷತ್ರಿಯರ ಪಟ್ಟಿಯಲ್ಲಿದ್ದಾರೆ. ಅಲ್ಲಿ ಹೇಳಿದುದು ಆಚಾರ, ದೇಹವಲ್ಲ. ಬ್ರಾಹ್ಮಣರ ವಿಭಾಗದಲ್ಲಿಯೋ ವಿಂಧ್ಯದ ದಕ್ಷಿಣದವರೆಲ್ಲ ಪಂಚದ್ರಾವಿಡರು: ಕರ್ಣಾಟಕರು, ಆಂಧ್ರರು, ದ್ರಾವಿಡರು, ಮಹಾರಾಷ್ಟ್ರರು, ಗುರ್ಜರರು. ಗುಜರಾತಿನ ಬ್ರಾಹ್ಮಣನೂ ದ್ರಾವಿಡನಾಗುವ ಈ ವಿಭಾಗದಲ್ಲಿ ಶಬ್ದವು ದಿಕ್ಕನ್ನು ಹೇಳುತ್ತದೆಯೇ ಹೊರತು ರಕ್ತವನ್ನಲ್ಲ. 1856ರಲ್ಲಿ ಕಾಲ್ಡ್‌ವೆಲ್ಲನು ತನ್ನ ತೌಲನಿಕ ವ್ಯಾಕರಣದಲ್ಲಿ ಈ ಹೆಸರನ್ನಿಟ್ಟುದು ದಕ್ಷಿಣದ ಭಾಷಾಕುಟುಂಬಕ್ಕೆ. ಭಾಷೆಯ ಹೆಸರು ಬರಬರುತ್ತ ದೇಹದ ಹೆಸರಾಯಿತು. ‘ಆರ್ಯ’ ಶಬ್ದಕ್ಕೂ ಇದೇ ಗತಿ. ಮಾಕ್ಸ್ ಮುಲ್ಲರನೇ 1888ರಲ್ಲಿ, ಆರ್ಯವೆಂಬುದು ಭಾಷೆಗೆ ಸಲ್ಲುವ ಹೆಸರು, ಅದನ್ನು ರಕ್ತಕ್ಕೂ ಕಪಾಲಕ್ಕೂ ಅನ್ವಯಿಸುವುದು ತಪ್ಪು ಎಂದು ಎಚ್ಚರಿಸಿದನು. ಎಚ್ಚರಿಕೆಯು ಹಿಂದುಳಿಯಿತು, ತಪ್ಪು ಪಾಠಪುಸ್ತಕವನ್ನು ಸೇರಿತು.

ಹಾಗಾದರೆ ಜನರ ವಲಸೆಯೇ ನಡೆಯಲಿಲ್ಲವೆ ಎಂಬ ಶಂಕೆ ಹುಟ್ಟಬಹುದು. ಹಾಗೆ ಹೇಳಿದರೆ ನಾವೂ ಇನ್ನೊಂದು ಪಕ್ಷಪಾತಕ್ಕೆ ಬಿದ್ದಂತಾಗುವುದು. 2009ರಲ್ಲಿ ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು ವಂಶವಾಹಿಗಳನ್ನು ಪರೀಕ್ಷಿಸಿ, ಭಾರತದ ಬಹುತೇಕ ಸಮುದಾಯಗಳಲ್ಲಿ ಎರಡು ಪ್ರಾಚೀನ ಮೂಲಗಳ ಬೆರಕೆಯಿದೆಯೆಂದು ಕಂಡರು. 2013ರ ಅಧ್ಯಯನವು ಆ ಬೆರಕೆಯು ಸುಮಾರು 4200ರಿಂದ 1900 ವರ್ಷಗಳ ಹಿಂದಿನವರೆಗೆ ನಡೆಯಿತೆಂದು ಗಣಿಸಿತು. ಬೆರಕೆಯ ಪ್ರಮಾಣವು ಸಮುದಾಯದಿಂದ ಸಮುದಾಯಕ್ಕೆ ಹೆಚ್ಚುಕಡಮೆಯಾಗಿದೆ; ಆದರೆ ಮೇಲಿನವರೆನಿಸಿಕೊಂಡವರಲ್ಲಿಯೂ ಕೆಳಗಿನವರೆನಿಸಿದವರಲ್ಲಿಯೂ ಅದು ಇದ್ದೇ ಇದೆ. ವಲಸೆಯು ಸತ್ಯ; ಬೆರೆಯದೆ ಉಳಿದ ಎರಡು ಜನಾಂಗಗಳೆಂಬುದು ಕಲ್ಪನೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡುಗಳಲ್ಲಿರುವ ಸಿದ್ದಿಗಳನ್ನು ನೋಡಬಹುದು. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು, ಅನೇಕರು ಗುಲಾಮರಾಗಿ ತರಲ್ಪಟ್ಟವರು. ಇಂದು ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಇವರ ಮುಖವನ್ನು ನೋಡಿ ಭಾಷೆಯನ್ನಾಗಲಿ, ಭಾಷೆಯನ್ನು ಕೇಳಿ ಮೂಲವನ್ನಾಗಲಿ ಊಹಿಸಹೊರಟವನು ಎರಡರಲ್ಲಿಯೂ ತಪ್ಪುವನು.

ನಮ್ಮ ಸಾಹಿತ್ಯದ ಸಾಕ್ಷ್ಯವೂ ಇದಕ್ಕೆ ಅನುಗುಣವಾಗಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡನ್ನು ಎರಡು ನದಿಗಳಿಂದಲೂ ಜನರನ್ನು ಅವರ ನುಡಿಯ ಜಾಣ್ಮೆಯಿಂದಲೂ ಗುರುತಿಸುತ್ತದೆ. ದೇಶಭೇದದಿಂದ ಆ ನುಡಿಯೂ ಬೇರೆಬೇರೆಯೆಂದು ಒಪ್ಪುತ್ತದೆ. ಬಣ್ಣವನ್ನಾಗಲಿ ಮೈಕಟ್ಟನ್ನಾಗಲಿ ಅಲ್ಲಿ ಲಕ್ಷಣವಾಗಿ ಹೇಳಿಲ್ಲ. ಆದಿಕವಿ ಪಂಪನ ಹಿರಿಯರು ವೆಂಗಿನಾಡಿನವರು. ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಕೊಂಕಣಿ, ನಿಸಾರ್ ಅಹಮದರದು ಉರ್ದು. ವಂಶಶುದ್ಧಿಯನ್ನೇ ಪ್ರಮಾಣವಾಗಿ ಹಿಡಿದರೆ ನಮ್ಮ ಸಾಹಿತ್ಯಚರಿತ್ರೆಯ ಎಷ್ಟು ಪುಟಗಳು ಉಳಿದಾವು?

2011ರ ಗಣತಿಯಂತೆ ರಾಜ್ಯದ ಜನಸಂಖ್ಯೆ 6,10,95,297. ಅವರಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು ಶೇಕಡ 66. ಉರ್ದುವನ್ನು ಹೇಳಿದವರು ಶೇಕಡ 11ರ ಸಮೀಪ, ತೆಲುಗನ್ನು ಹೇಳಿದವರು ಶೇಕಡ 6ರ ಸಮೀಪ. ಉಳಿದವರು ತಮಿಳು, ಮರಾಠಿ, ಹಿಂದಿ, ತುಳು, ಕೊಂಕಣಿ, ಕೊಡವ ಮೊದಲಾದ ನುಡಿಗಳವರು. ಪರಿಶಿಷ್ಟ ಜಾತಿಯವರು ಶೇಕಡ 17, ಪರಿಶಿಷ್ಟ ಪಂಗಡದವರು ಶೇಕಡ 7ರಷ್ಟು. ಜನರು ತಾವೇ ಹೇಳಿದ ನುಡಿ, ಸೇರಿದ ಸಮುದಾಯ ಇವುಗಳಿಂದ ಹುಟ್ಟಿದ ಲೆಕ್ಕವಿದು. ಯಾರ ಮೂಗನ್ನೂ ಅಳೆದುದಲ್ಲ.

ಕೊನೆಗೆ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ‘ಜನಾಂಗ’ವೆಂಬ ಒಂದೇ ಶಬ್ದವು ಇಂದು ಜಾತಿಗೂ, ಬುಡಕಟ್ಟಿಗೂ, ನಾಡವರಿಗೂ, ರಿಸ್ಲೆಯ ಕಲ್ಪಿತವರ್ಗಕ್ಕೂ ಸಲ್ಲುತ್ತಿರುವುದರಿಂದಲೇ ಒಂದರ ದೋಷವು ಇನ್ನೊಂದಕ್ಕೆ ಸಂಕ್ರಮಿಸುತ್ತದೆ. ದ್ರಾವಿಡಭಾಷೆ, ಆರ್ಯಭಾಷೆ ಎಂದು ಧಾರಾಳವಾಗಿ ಹೇಳೋಣ. ದ್ರಾವಿಡಜನಾಂಗ, ಆರ್ಯಜನಾಂಗ ಎಂಬುವನ್ನು ಬಿಡೋಣ. ಪಾಠವನ್ನು ಕೇಳುವ ಬಾಲಕನು ಪಕ್ಕದಲ್ಲಿ ಕುಳಿತವನ ಮುಖವನ್ನು ನೋಡಿ, ಇವನು ಹೊರಗಿನವನೋ ಒಳಗಿನವನೋ ಎಂದು ಎಣಿಸತೊಡಗಿದರೆ ಆ ಪಾಪದಲ್ಲಿ ಪಾಠ ಹೇಳಿದವನಿಗೂ ಪಾಲುಂಟು.