ಓಲೆಗರಿಯ ಹೊಸ ವೇಷ್ಟನ: ಪೆಡಸು ಹಾಳೆಯೋ, ಮೆದು ಹಾಳೆಯೋ?

ಜ್ಯೇಷ್ಠ ಶುಕ್ಲ ಪಂಚಮಿಯಂದು, ಎಂದರೆ ಶ್ರುತಪಂಚಮಿಯ ದಿನ, ಶಾಸ್ತ್ರಭಂಡಾರದ ಬಾಗಿಲು ತೆರೆದು, ಓಲೆಕಟ್ಟುಗಳ ಧೂಳು ಒರಸಿ, ಜೀರ್ಣವಾದ ವೇಷ್ಟನವನ್ನು ತೆಗೆದು ಹೊಸದನ್ನು ಸುತ್ತುವ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ವೇಷ್ಟನವನ್ನು ಕೊಡುವುದೂ ಶಾಸ್ತ್ರದಾನದ ಒಂದು ಅಂಗವೆಂದು ಶ್ರಾವಕರು ಭಾವಿಸುತ್ತಾರೆ. ಈಚಿನ ವರ್ಷಗಳಲ್ಲಿ ಹತ್ತಿಯ ವಸ್ತ್ರದ ಸ್ಥಾನದಲ್ಲಿ ಬೆಳ್ಳಗಿನ, ಹಗುರವಾದ, ನೂಲಿಲ್ಲದ ಒಂದು ಕೃತಕ ಹಾಳೆಯು ಅಲ್ಲಲ್ಲಿ ಭಂಡಾರಗಳನ್ನು ಪ್ರವೇಶಿಸಿದೆ. ಇದರ ಹೆಸರು ಟೈವೆಕ್. ಪರದೇಶಗಳ ವಸ್ತುಸಂಗ್ರಹಾಲಯಗಳು ಬಳಸುತ್ತವೆಂಬ ಕಾರಣದಿಂದ ಇದಕ್ಕೆ ಒಂದು ಗೌರವವೂ ದೊರೆತಿದೆ. ಆ ಗೌರವವು ಎಷ್ಟರಮಟ್ಟಿಗೆ ಯುಕ್ತ, ಯಾವ ಹಾಳೆಗೆ ಯುಕ್ತ ಎಂಬುದನ್ನು ವಿಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಮರ್ಶೆಗೆ ಪ್ರೇರಣೆಯಾದ ಪ್ರಸಂಗವನ್ನು ಮೊದಲು ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಾಠಾಂತರಗಳನ್ನು ಗುರುತುಮಾಡಿಕೊಳ್ಳಲು ಒಂದು ಭಂಡಾರಕ್ಕೆ ಹೋಗಿದ್ದೆನು. ನನಗೆ ಬೇಕಾಗಿದ್ದ ಕಟ್ಟನ್ನು ಹೊಸದಾಗಿ ಟೈವೆಕ್ಕಿನಲ್ಲಿ ಸುತ್ತಿದ್ದರು. ಹಾಳೆಯು ಕಾಗದದಂತೆ ಪೆಡಸಾಗಿದ್ದು, ಮಡಿಸಿದ ಕಡೆಗಳಲ್ಲಿ ಅಲಗಿನಂತಹ ಏಣುಗಳೆದ್ದಿದ್ದುವು. ಕಟ್ಟಿನ ಕೆಳಹಲಗೆ ಎಂದೋ ಕಳೆದುಹೋಗಿತ್ತಾದುದರಿಂದ ಕಡೆಯ ಗರಿಯು ನೇರವಾಗಿ ಹಾಳೆಗೆ ತಾಗುತ್ತಿತ್ತು. ಪ್ರತಿ ಸಾರಿ ಕಟ್ಟನ್ನು ಎತ್ತಿ ಇಳಿಸುವಾಗಲೂ ನುಣುಪಾದ ಹಾಳೆಯೊಳಗೆ ಗರಿಗಳು ಜಾರಿ, ಆ ಏಣಿಗೆ ತಗುಲಿ ಉಜ್ಜಿಕೊಂಡಿದ್ದುವು. ಲಿಪಿಕಾರನು ತನ್ನ ಹೆಸರನ್ನೂ ಶಕವರ್ಷವನ್ನೂ ಕೊರೆದಿದ್ದ ಕಡೆಯ ಗರಿಯ ಅಂಚು ಮುರಿದು, ವರ್ಷದ ಅಂಕಿಗಳಲ್ಲಿ ಎರಡು ಇಲ್ಲವಾಗಿದ್ದುವು. ಹಾಳೆಯ ಮಡಿಕೆಯಲ್ಲಿ ಗರಿಯ ಪುಡಿ ದೊರೆಯಿತು, ಅಂಕಿಗಳು ದೊರೆಯಲಿಲ್ಲ. ದಾನಿಯ ಭಕ್ತಿಯಲ್ಲಾಗಲಿ ಪಾಲಕರ ಶ್ರದ್ಧೆಯಲ್ಲಾಗಲಿ ಕೊರತೆಯಿರಲಿಲ್ಲ. ದೋಷವಿದ್ದುದು ಆಯ್ಕೆಯಲ್ಲಿ.

ಟೈವೆಕ್ ಎಂಬುದು ಅಮೆರಿಕದ ಡುಪಾಂಟ್ ಸಂಸ್ಥೆಯ ವ್ಯಾಪಾರನಾಮ. 1955ರಲ್ಲಿ ಆ ಸಂಸ್ಥೆಯ ಸಂಶೋಧಕ ಜಿಮ್ ವೈಟ್ ಅವರು ಪ್ರಯೋಗಾಲಯದ ಕೊಳವೆಯೊಂದರಿಂದ ಹೊರಬರುತ್ತಿದ್ದ ಬಿಳಿಯ ನವಿರುಗಳನ್ನು ಗಮನಿಸಿದುದೇ ಇದರ ಮೂಲ. ವಾಣಿಜ್ಯ ಉತ್ಪಾದನೆ 1967ರಲ್ಲಿ ಆರಂಭವಾಯಿತು. ಅಧಿಕ ಸಾಂದ್ರತೆಯ ಪಾಲಿಎಥಿಲೀನನ್ನು ದ್ರಾವಕದಲ್ಲಿ ಕರಗಿಸಿ, ಒತ್ತಡದಿಂದ ಸಣ್ಣ ರಂಧ್ರದ ಮೂಲಕ ಹೊರಬಿಟ್ಟಾಗ ದ್ರಾವಕವು ಕ್ಷಣಮಾತ್ರದಲ್ಲಿ ಆವಿಯಾಗಿ ಅತಿ ಸೂಕ್ಷ್ಮವಾದ ಎಳೆಗಳ ಜಾಲ ಉಳಿಯುತ್ತದೆ. ಆ ಜಾಲವನ್ನು ಹಾಸಿ, ಶಾಖ ಮತ್ತು ಒತ್ತಡಗಳಿಂದ ಬೆಸೆದರೆ ಹಾಳೆ ಸಿದ್ಧವಾಗುತ್ತದೆ. ನೂಲುವುದು, ನೇಯುವುದು ಇಲ್ಲಿಲ್ಲ. ಅಂಟು, ಗಂಜಿಗಳೂ ಇಲ್ಲ.

ಪೆಡಸು ಮೆದುಗಳ ಭೇದವು ಹುಟ್ಟುವುದು ಈ ಬೆಸುಗೆಯಲ್ಲಿ. ಹಾಳೆಯ ಮೈಯೆಲ್ಲ ಒಂದೇ ಸಮನಾಗಿ ಬೆಸೆದುಕೊಂಡರೆ ಎಳೆಗಳಿಗೆ ಅಲುಗಾಡಲು ಎಡೆಯಿರುವುದಿಲ್ಲ. ಇದು ಪೆಡಸು ಹಾಳೆ, ತಯಾರಕರ ಎಣಿಕೆಯಲ್ಲಿ 10ನೆಯ ಮಾದರಿ. ಉಬ್ಬಚ್ಚಿನ ಉರುಳೆಗಳ ನಡುವೆ ಹಾಯಿಸಿ ಬಿಂದುಬಿಂದುಗಳಲ್ಲಿ ಮಾತ್ರ ಬೆಸೆದರೆ, ನಡುವಣ ಎಳೆಗಳು ಸಡಿಲವಾಗಿಯೇ ಉಳಿದು, ಹಾಳೆಯು ಬಟ್ಟೆಯಂತೆ ಬಾಗುತ್ತದೆ. ಇದು ಮೆದು ಹಾಳೆ, 14ನೆಯ ಮಾದರಿ. ಇದಕ್ಕೇ ಸೂಜಿಮೊನೆಯಂತಹ ರಂಧ್ರಗಳನ್ನು ಮಾಡಿ ಗಾಳಿಯಾಡುವಂತೆ ಮಾಡಿದರೆ ಅದು 16ನೆಯ ಮಾದರಿ. ಸರಕಿನ ಸಂಖ್ಯೆಯ ಮೊದಲ ಎರಡು ಅಂಕಿಗಳು ಈ ಮಾದರಿಯನ್ನೇ ಸೂಚಿಸುತ್ತವೆ.

ವಿದ್ವಾಂಸರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. 1025 ಎಂಬ ಹಾಳೆಯೂ 1443 ಎಂಬ ಹಾಳೆಯೂ ಚದರ ಮೀಟರಿಗೆ ಸುಮಾರು 42 ಗ್ರಾಮ್ ತೂಗುತ್ತವೆ. ದ್ರವ್ಯ ಒಂದೇ, ಬಣ್ಣ ಒಂದೇ, ತೂಕವೂ ಹೆಚ್ಚುಕಡಿಮೆ ಒಂದೇ. ಆದರೂ ಮೊದಲನೆಯದು ಪೆಡಸು, ಎರಡನೆಯದು ಮೆದು. ಆದುದರಿಂದ ತೂಕವನ್ನು ಕೇಳಿ, ದಪ್ಪವನ್ನು ಮುಟ್ಟಿ ಕೊಳ್ಳುವ ರೂಢಿ ಇಲ್ಲಿ ನಿರುಪಯುಕ್ತ. ದ್ರವ್ಯವು ಒಂದಾಗಿದ್ದು ಪರ್ಯಾಯವು ಬೇರೆಯಾದರೆ ವ್ಯವಹಾರವೂ ಬೇರೆಯಾಗುತ್ತದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಒಂದೇ ಹೆಸರಿನ ಎರಡು ಕೃತಿಗಳನ್ನು ಒಂದೆಂದು ಎಣಿಸುವ ಗ್ರಂಥಸೂಚಿಯನ್ನು ನಾವು ಒಪ್ಪುವುದಿಲ್ಲ. ಒಂದೇ ಹೆಸರಿನ ಎರಡು ಹಾಳೆಗಳ ಬಗೆಗೂ ಅದೇ ಎಚ್ಚರ ಬೇಕು.

ಈ ಹಾಳೆಯ ಪರವಾಗಿ ಸಾಮಾನ್ಯವಾಗಿ ಮೂರು ಮಾತುಗಳು ಕೇಳಿಬರುತ್ತವೆ. ಪೆಡಸಾದಷ್ಟೂ ರಕ್ಷಣೆ ಹೆಚ್ಚೆಂಬುದು ಮೊದಲನೆಯದು. ಇದು ಅರ್ಧ ಸತ್ಯ. ಧೂಳನ್ನೂ ನೀರನ್ನೂ ತಡೆಯುವುದರಲ್ಲಿ ಪೆಡಸು ಹಾಳೆಯೇ ಮೇಲು. ಅದರ ಮೈ ಉಜ್ಜಿದರೂ ಸುಲಭವಾಗಿ ನವಿರೇಳುವುದಿಲ್ಲ. ಆದರೆ ಓಲೆಕಟ್ಟು ಚಪ್ಪಟೆಯಾದ ವಸ್ತುವಲ್ಲ. ಉದ್ದನೆಯ, ಅಂಚುಗಳು ಸಮನಿಲ್ಲದ, ದಾರ ಪೋಣಿಸಿದ ಕಟ್ಟಿಗೆ ಮೈಗೊಗ್ಗುವ ಹೊದಿಕೆ ಬೇಕು. ಪೆಡಸು ಹಾಳೆ ಒಗ್ಗುವುದಿಲ್ಲ, ಮಡಿಕೆಯಲ್ಲಿ ಮುರಿದು ನಿಲ್ಲುತ್ತದೆ. ಹೊರಗಿನ ಕೇಡನ್ನು ತಡೆಯುವ ಅದೇ ಗುಣವು ಒಳಗಿನ ಗರಿಗೆ ಕೇಡಾಗುತ್ತದೆ. ಮೊದಲ ಗರಿಯಲ್ಲಿ ಮಂಗಲಪದ್ಯ, ಕಡೆಯ ಗರಿಯಲ್ಲಿ ಕಾಲ, ಸ್ಥಳ, ಲಿಪಿಕಾರ, ಬರೆಯಿಸಿದವರು. ಮೊದಲು ಸವೆಯುವುವು ಇವೇ ಎರಡು ಗರಿಗಳೆಂಬುದನ್ನು ಮರೆಯಬಾರದು.

ಈ ಹಾಳೆಯಿದ್ದರೆ ಬಟ್ಟೆಯೇ ಬೇಡವೆಂಬುದು ಎರಡನೆಯ ಮಾತು. ಇದು ಸಾಧುವಲ್ಲ. ಟೈವೆಕ್ ನೀರಿನ ಹನಿಯನ್ನು ತಡೆದು ನೀರಾವಿಯನ್ನು ಹಾಯಲು ಬಿಡುತ್ತದೆ. ಇದು ಸಾಮಾನ್ಯ ಪ್ಲಾಸ್ಟಿಕ್ ಚೀಲಕ್ಕಿಲ್ಲದ ಸದ್ಗುಣ. ಆದರೆ ಪಾಲಿಎಥಿಲೀನು ತೇವವನ್ನು ತನ್ನಲ್ಲಿ ಹೀರಿಟ್ಟುಕೊಳ್ಳುವುದಿಲ್ಲ. ಹತ್ತಿಯು ಹೀರುತ್ತದೆ, ಒಣಗಾಳಿಯಲ್ಲಿ ಮೆಲ್ಲನೆ ಬಿಟ್ಟುಕೊಡುತ್ತದೆ. ಕರಾವಳಿಯ ಮಳೆಗಾಲಕ್ಕೂ ಬಯಲುಸೀಮೆಯ ಬೇಸಗೆಗೂ ನಡುವೆ ಗರಿಯು ಹಿಗ್ಗಿ ಕುಗ್ಗುವ ವೇಗವನ್ನು ತಗ್ಗಿಸುವುದು ಈ ಗುಣವೇ. ಅಲ್ಲದೆ, ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಲೇಪಿಸುವ ಪದ್ಧತಿಯಿದೆ. ನೀರನ್ನು ತಡೆಯುವ ಹಾಳೆಯು ಎಣ್ಣೆಯನ್ನು ತಡೆಯಲಾರದು, ಹತ್ತಿಯಂತೆ ಅದನ್ನು ಚೆನ್ನಾಗಿ ಹೀರಲೂ ಆರದು.

ಹುಳುಹುಪ್ಪಟೆಗಳ ಭಯವಿಲ್ಲವೆಂಬುದು ಮೂರನೆಯ ಮಾತು. ಗಂಜಿಯಿಲ್ಲದ ಈ ಹಾಳೆಯು ಕೀಟಗಳಿಗೆ ಆಹಾರವಲ್ಲ. ಗಂಜಿ ತೊಳೆಯದ ಹೊಸ ಬಟ್ಟೆಗಿಂತ ಈ ವಿಷಯದಲ್ಲಿ ಮೇಲೆಂಬುದು ನಿಜ. ಕೀಟವನ್ನು ಕೊಲ್ಲದೆ ದೂರವಿಡುವ ಉಪಾಯವು ವಿಷದ ಹೊಗೆಗಿಂತ ನಮ್ಮ ಧರ್ಮಕ್ಕೆ ಹತ್ತಿರವಾದುದೂ ಹೌದು. ರೇಷ್ಮೆಯ ವೇಷ್ಟನಕ್ಕಿರುವ ಹಿಂಸಾದೋಷವೂ ಇದಕ್ಕಿಲ್ಲ. ಆದರೆ ಗರಿಯೊಳಗೆ ಆಗಲೇ ಮೊಟ್ಟೆಗಳಿದ್ದರೆ ಹಾಳೆಯು ಅವುಗಳಿಗೇ ರಕ್ಷಣೆಯಾಗುತ್ತದೆ. ಒಂದೊಂದು ಗರಿಯನ್ನೂ ಬಿಡಿಸಿ, ನೋಡಿ, ಶುಚಿಮಾಡಿದ ಮೇಲಲ್ಲದೆ ಸುತ್ತಕೂಡದು. ಇಲಿಯ ಹಲ್ಲಿಗಂತೂ ಇದು ತಡೆಯಲ್ಲ.

ಹಾಗಾದರೆ ನಿರ್ಣಯವೇನು? ಗರಿಗೆ ತಾಗುವುದು ಗಂಜಿ ತೊಳೆದ ಹತ್ತಿಯ ವಸ್ತ್ರವೇ ಆಗಿರಲಿ. ಅದರ ಮೇಲೆ ಧೂಳಿಗೂ ಸೋರುವ ಮಾಡಿಗೂ ತಡೆಯಾಗಿ ಎರಡನೆಯ ಹೊದಿಕೆ ಬೇಕಾದಲ್ಲಿ ಮೆದು ಹಾಳೆಯನ್ನು, ಅದರಲ್ಲಿಯೂ 14ನೆಯ ಮಾದರಿಯನ್ನು ಬಳಸಬಹುದು. 16ನೆಯದು ರಂಧ್ರಗಳುಳ್ಳದ್ದಾದುದರಿಂದ ನೀರಿನ ಭಯವಿರುವಲ್ಲಿ ತಕ್ಕುದಲ್ಲ. ಪೆಡಸು ಹಾಳೆಗೂ ಭಂಡಾರದಲ್ಲಿ ಸ್ಥಾನವುಂಟು: ಹರಿಯದ ಗುರುತುಚೀಟಿ, ಬಿಡಿಕಾಗದಗಳ ಲಕೋಟೆ, ಪೆಟ್ಟಿಗೆಯ ಹೊರಹೊದಿಕೆ ಇವುಗಳಿಗೆ ಅದೇ ಉತ್ತಮ. ಪೆಡಸುತನವು ದೋಷವಲ್ಲ, ಅಸ್ಥಾನದಲ್ಲಿಟ್ಟಾಗ ದೋಷವಾಗುತ್ತದೆ. ಮುದ್ರಣದ ಅನುಕೂಲಕ್ಕಾಗಿ ಮೈಗೆ ಸಂಸ್ಕಾರ ಮಾಡಿದ, ಸ್ಥಾಯೀವಿದ್ಯುತ್ತನ್ನು ತಡೆಯುವ ಲೇಪವಿರುವ ಹಾಳೆಗಳೂ ಮಾರಾಟವಾಗುತ್ತವೆ; ಗ್ರಂಥದ ಬಳಿಗೆ ಇವೆರಡೂ ಇಲ್ಲದ್ದನ್ನೇ ಕೇಳಿ ಪಡೆಯಬೇಕು. ಲೇಪವಿಲ್ಲದ ಹಾಳೆಯು ಉಜ್ಜಿದಾಗ ವಿದ್ಯುತ್ತನ್ನು ತಾಳಿ ಧೂಳನ್ನೂ ಸಡಿಲವಾದ ಬಣ್ಣವನ್ನೂ ಸೆಳೆಯುವ ಸಂಭವವಿದೆ. ಚಿತ್ರಿತ ಗರಿಗಳಿಗೆ ಇದು ನೇರವಾಗಿ ತಾಗಬಾರದೆಂಬುದಕ್ಕೆ ಇದೂ ಒಂದು ಕಾರಣ.

ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಸರಳ. ಹಾಳೆಯನ್ನು ಕೈಯಲ್ಲಿ ಮುದುಡಿರಿ. ಕಾಗದದಂತೆ ಗರಗರನೆ ಸದ್ದಾಗಿ ಮಡಿಕೆ ನಿಂತರೆ ಪೆಡಸು. ಬಟ್ಟೆಯಂತೆ ಇಳಿಬಿದ್ದು, ಮೈಮೇಲೆ ಉಬ್ಬಚ್ಚಿನ ವಿನ್ಯಾಸ ಕಂಡರೆ ಮೆದು. ಬೆಳಕಿಗೆ ಹಿಡಿದಾಗ ಸೂಜಿರಂಧ್ರಗಳು ತೋರಿದರೆ 16ನೆಯದು. ಪೇಟೆಯ ಕೈಚೀಲಗಳಿಗೆ ಬಳಸುವ, ನೇಯದ ಪಾಲಿಪ್ರೊಪಿಲೀನ್ ಬಟ್ಟೆಯು ಬೇರೆಯೇ ವಸ್ತು. ಅದು ಸೂಕ್ಷ್ಮ ಧೂಳನ್ನು ಹೀಗೆ ತಡೆಯುವುದಿಲ್ಲ, ಬಿಸಿಲು ತಾಗಿದರೆ ಕೆಲಕಾಲದಲ್ಲಿ ಪುಡಿಯಾಗುತ್ತದೆ. ಟೈವೆಕ್ಕೂ ಬಿಸಿಲಿನಲ್ಲಿ ಜೀರ್ಣವಾಗುವ ವಸ್ತುವೇ. ಸುಮಾರು 135 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಕರಗುವುದರಿಂದ ಇಸ್ತ್ರಿಪೆಟ್ಟಿಗೆಯನ್ನೂ ದೀಪದ ಸೊಡರನ್ನೂ ದೂರವಿಡತಕ್ಕದ್ದು. ಸುಟ್ಟ ಹತ್ತಿ ಬೂದಿಯಾಗುತ್ತದೆ. ಕರಗಿದ ಪಾಲಿಎಥಿಲೀನು ಗರಿಗಂಟಿದರೆ ಅಕ್ಷರ ಸಮೇತ ಕಿತ್ತುಬರುತ್ತದೆ.

ಧವಲಾದಿ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದುದರಿಂದಲೇ 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮವು ಅಚ್ಚಿನಲ್ಲಿ ಹೊರಬರಲು ಸಾಧ್ಯವಾಯಿತು. ಅವು ಉಳಿದುದು ಹಲಗೆ, ದಾರ, ಹತ್ತಿಬಟ್ಟೆಗಳಂತಹ ಸಾಮಾನ್ಯ ಸಾಧನಗಳಿಂದ, ಮತ್ತು ಅವುಗಳನ್ನು ವರ್ಷವರ್ಷವೂ ಬಿಚ್ಚಿ ನೋಡಿದ ಕೈಗಳಿಂದ. ಹೊಸ ವಸ್ತುವನ್ನು ತಿರಸ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಭಂಡಾರದ ದಾಖಲೆಪುಸ್ತಕದಲ್ಲಿ ‘ಟೈವೆಕ್ ವೇಷ್ಟನ’ ಎಂದಷ್ಟೇ ಬರೆಯದೆ, ಅದರ ಮಾದರಿ, ಲೇಪವಿದೆಯೋ ಇಲ್ಲವೋ, ಸುತ್ತಿದ ದಿನ, ಒಳಗೆ ಬಟ್ಟೆಯಿದೆಯೋ ಇಲ್ಲವೋ ಎಂಬುದನ್ನು ಪಾಲಕರು ಬರೆದಿಡಲಿ. ಮುಂದಿನ ಶ್ರುತಪಂಚಮಿಯಂದು ಪೆಡಸು ಹಾಳೆಯಲ್ಲಿ ಸುತ್ತಿದ ಕಟ್ಟುಗಳೇನಾದರೂ ಇದ್ದರೆ ಮೊದಲು ಅವನ್ನು ಬಿಚ್ಚಿ ಕಡೆಯ ಗರಿಯನ್ನು ನೋಡಲಿ. ಮಡಿಕೆಯಲ್ಲಿ ಉದುರಿದ ಚೂರುಗಳಿದ್ದರೆ ಗುಡಿಸಿ ಎಸೆಯದೆ, ಒಂದು ಲಕೋಟೆಯಲ್ಲಿ ಹಾಕಿ ಕಟ್ಟಿನ ಜೊತೆಯಲ್ಲಿಯೇ ಇಡಲಿ. ಆ ಲಕೋಟೆಯನ್ನು ಪೆಡಸು ಹಾಳೆಯಿಂದಲೇ ಮಾಡಬಹುದು.