ಡೆಲ್ಲಾ ವಾಲೆ ಕಂಡ ಗೇರುಸೊಪ್ಪೆ, ಕೇಳಿದ ಗೇರುಸೊಪ್ಪೆ

ಶರಾವತೀತೀರದ ಗೇರುಸೊಪ್ಪೆಯನ್ನು ಕುರಿತು ಬರೆಯುವವರು ರೋಮಿನ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆಯ ಪತ್ರಗಳಿಗೆ ಮೊರೆಹೋಗುವುದು ವಾಡಿಕೆ. ಅವನ ಮರಣಾನಂತರ, 1663ರಲ್ಲಿ, ಅಚ್ಚಾದ ಭಾರತದ ಪತ್ರಗಳನ್ನು 1892ರಲ್ಲಿ ಹ್ಯಾಕ್ಲುಯಿಟ್ ಸೊಸೈಟಿಯು ಇಂಗ್ಲಿಷಿನಲ್ಲಿ ಹೊರತಂದಿತು. ಅದಕ್ಕೂ ಮೊದಲೇ 1883ರ ಮುಂಬಯಿ ಗ್ಯಾಸೆಟಿಯರು ಅವನ್ನು ಬಳಸಿಕೊಂಡಿದ್ದಿತು. ಉತ್ತರ ಕನ್ನಡವು 1862ರಲ್ಲಿಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತಷ್ಟೆ. ಆದುದರಿಂದ ಅಂಧೇರಿಯ ಕನ್ನಡಿಗನಿಗೆ ಇದು ಅಪರಿಚಿತ ಸಾಮಗ್ರಿಯಲ್ಲ. ಆದರೆ ಇವನು ಕಂಡುದೆಷ್ಟು, ಕೇಳಿದುದೆಷ್ಟು ಎಂಬ ವಿವೇಚನೆ ನಡೆದುದು ಕಡಮೆ.

ಕಂಡುದರಲ್ಲಿ ಇವನು ಪ್ರಾಮಾಣಿಕ. 1623ರಲ್ಲಿ ಹೊನ್ನಾವರದ ಪೋರ್ತುಗೀಜ ಕೋಟೆಯಿಂದ ಹೊಳೆಯ ಮೇಲೆ ದೋಣಿಯಲ್ಲಿ ಸಾಗಿ, ಗೇರುಸೊಪ್ಪೆಯನ್ನು ಹಾಯ್ದು, ಘಟ್ಟವೇರಿ ಇಕ್ಕೇರಿ ಸೇರಿದನು. ಎರಡು ದಡದ ಹಸುರು ಅವನನ್ನು ಮರುಳುಗೊಳಿಸಿತು. ಹಿಂದೆ ರಾಜಧಾನಿಯಾಗಿದ್ದ ಪಟ್ಟಣದಲ್ಲಿ ಕಾಡು ಬೆಳೆದು, ಕೆಲವೇ ಗುಡಿಸಲುಗಳು ಉಳಿದಿದ್ದುವು. ಘಟ್ಟದ ಗುಡಿಯ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕವನ್ನು ರಾಗವಾಗಿ ಒಪ್ಪಿಸುತ್ತ ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದನ್ನೂ ಬಿಡದೆ ಬರೆದಿದ್ದಾನೆ. ಮರಳ ಮೇಲೆ ತಿದ್ದಿದ ನಮ್ಮ ಹಿರಿಯರ ಓದಿಗೆ ಇಷ್ಟು ಸೊಗಸಾದ ಸಾಕ್ಷ್ಯ ದೊರೆಯುವುದು ಅಪೂರ್ವ.

ಕೇಳಿದುದರ ಮಾತು ಬೇರೆ. ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ರಾಣಿಯು (ಚೆನ್ನಭೈರಾದೇವಿಯೆಂದು ಗುರುತಿಸುವುದು ರೂಢಿ) ಕೀಳು ಕುಲದ ಪರದೇಶಿಯೊಬ್ಬನಿಗೆ ಮನಸೋತು ರಾಜ್ಯವನ್ನೊಪ್ಪಿಸಿದಳಂತೆ, ಅವನು ತಿರುಗಿಬಿದ್ದನಂತೆ, ವೆಂಕಟಪ್ಪ ನಾಯಕನು ಆ ದ್ರೋಹಿಯನ್ನು ಕೊಂದು, ಪಟ್ಟಣವನ್ನು ಹಾಳುಗೆಡವಿ, ರಾಣಿಯನ್ನು ಸೆರೆಯಲ್ಲಿಯೂ ಗೌರವದಿಂದ ಇರಿಸಿಕೊಂಡನಂತೆ. ಈ ಕಥೆಯಲ್ಲಿ ಉದಾರನಾಗಿ ಹೊಳೆಯುವವನು ಗೆದ್ದವನು. ಡೆಲ್ಲಾ ವಾಲೆ ಸೇರಿಕೊಂಡಿದ್ದುದು ಗೋವೆಯಿಂದ ಆ ನಾಯಕನ ಬಳಿಗೆ ಹೊರಟ ರಾಯಭಾರವನ್ನು. ನಾಯಕನ ಕಡೆಯ ವಿಠಲ ಶೆಣೈಯೂ ಜೊತೆಗಿದ್ದನು. ಕಥೆ ಯಾರ ಬಾಯಿಂದ ಬಂದಿತೆಂದು ಖಚಿತವಾಗಿ ಹೇಳಲಾಗದಿದ್ದರೂ, ಅದು ಯಾರಿಗೆ ಅನುಕೂಲವೆಂಬುದು ಸ್ಪಷ್ಟವಾಗಿದೆ.

ಕಡಲ ಬಾಯಲ್ಲಿ 1569ರಲ್ಲಿ ಹೊನ್ನಾವರವನ್ನು ಹಿಡಿದ ಪೋರ್ತುಗೀಜರು, ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿಯ ನಾಯಕರು, ನಡುವೆ ಮೆಣಸು ಇಳಿಯುವ ಈ ಹೊಳೆ. ಇಂಥ ಗಡಿಯಲ್ಲಿ ಸಿಲುಕಿದ ರಾಜ್ಯದ ಪತನಕ್ಕೆ ಹೆಣ್ಣಿನ ಮೋಹವನ್ನು ಕಾರಣವಾಗಿ ಒಡ್ಡುವುದು ಇತಿಹಾಸವಲ್ಲ, ಜನವದಂತಿ. ಅದನ್ನು ನಮ್ಮ ಲೇಖಕರೂ ಕಾದಂಬರಿಯ ಸೊಗಸಿಗೆ ಮಾರುಹೋಗಿ ಸ್ವೀಕರಿಸುವುದಾದರೆ ಅದು ವಿಷಾದಕರ. ಗೇರುಸೊಪ್ಪೆಯ ಕಾಡಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಕಲ್ಲಿನ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಅದನ್ನು ಕಟ್ಟಿಸುವಷ್ಟು ಸಿರಿ ಎಲ್ಲಿಂದ ಬಂದಿತು, ಯಾವ ದಾರಿಯಿಂದ ಹೋಯಿತು ಎಂಬ ಪ್ರಶ್ನೆಗೆ ಆ ಪ್ರೇಮಕಥೆಯಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ.